ಅಡುಗೆಮನೆ ಗೋಡೆ ತೆಗೆದದ್ದು: ಹಳೇ ಮನೆ ರಿಪೇರಿ ಎಲ್ಲಿಗೆ ಬಂತು

ಹಾಲ್‌ಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಎಂಟು ಅಡಿ ಅಗಲದ ಜಾಗ ತೆರೆದಾಯಿತು. ಕಬ್ಬಿಣದ ತೊಲೆ ಕೂತಿದೆ. ತಾರಸಿಗೆ ತಾತ್ಕಾಲಿಕ ಆಸರೆಯಾಗಿ ಕೊಟ್ಟ ಕಬ್ಬಿಣದ ಜಾಕಿಗಳನ್ನು ಮಾತ್ರ ಇನ್ನೂ ಬಿಚ್ಚಿಲ್ಲ.

ನಮ್ಮದು ಮೈಸೂರಿನ ಹಳೇ ಮದ್ರಾಸ್ ತಾರಸಿ ಮನೆ. ಮರದ ಜಂತೆಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ. ಪಿಲ್ಲರ್ ಇಲ್ಲ, ಬೀಮ್ ಇಲ್ಲ, ಇಷ್ಟೂ ಭಾರ ಗೋಡೆಯಲ್ಲೇ ಇಳಿದು ಪಾಯಕ್ಕೆ ಹೋಗಬೇಕು. ಇಂಥ ಮನೆಯಲ್ಲಿ "ಇದು ಸುಮ್ನೆ ಅಡ್ಡಗೋಡೆ ಸಾರ್, ಒಂದೇ ದಿನದಲ್ಲಿ ಕೆಡವ್ತೀವಿ" ಅಂತ ಯಾರೇ ಹೇಳಿದರೂ ಮೊದಲು ತಲೆ ಎತ್ತಿ ಜಂತೆ ಯಾವ ಕಡೆ ಓಡಿದೆ ನೋಡಿ. ನಮ್ಮಲ್ಲಿ ಎರಡೂ ಕೋಣೆಯ ಜಂತೆಗಳ ತುದಿ ಇದೇ ಗೋಡೆಯ ಮೇಲೆ ಕೂತಿದ್ದವು. ಒಂಬತ್ತಿಂಚಿನ ಗೋಡೆಯಾದರೆ ಭಾರ ಹೊತ್ತಿರುತ್ತದೆ, ನಾಲ್ಕೂವರೆ ಇಂಚಿನದಾದರೆ ಇಲ್ಲ ಅನ್ನುವ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಮೇಲಿನ ತಾರಸಿ ಕಾಲಕ್ರಮೇಣ ಬಗ್ಗಿದ್ದರೆ ತೆಳು ಗೋಡೆಯೂ ಈಗ ಭಾರ ಹೊತ್ತಿರಬಹುದು. ಸ್ಟ್ರಕ್ಚರಲ್ ಇಂಜಿನಿಯರ್ ಮೇಡಂ ಬಂದು ನೋಡಿ, ಲೆಕ್ಕ ಹಾಕಿ, ಡ್ರಾಯಿಂಗ್ ಕೊಟ್ಟ ಮೇಲೇ ನಾವು ಸುತ್ತಿಗೆ ಮುಟ್ಟಿದ್ದು. ಅವರ ಫೀಸು ಟೈಲ್ಸ್ ಖರ್ಚಿನ ಮುಂದೆ ಏನೂ ಅಲ್ಲ.

ಮೊದಲ ಕೆಲಸ ತಾರಸಿ ಮೇಲಿನ ಭಾರ ಇಳಿಸುವುದು. ಸಾವಿರ ಲೀಟರ್ ಟ್ಯಾಂಕ್ ಸರಿಯಾಗಿ ಈ ಗೋಡೆಯ ನೆತ್ತಿಯ ಮೇಲಿತ್ತು. ನೀರೇ ಒಂದು ಟನ್! ಖಾಲಿ ಮಾಡಿ ಕೆಳಗಿಳಿಸಿದೆವು.

ಆಮೇಲೆ ಜಾಕಿ. ಗೋಡೆಯಿಂದ ಎರಡಡಿ ಬಿಟ್ಟು ಎರಡೂ ಕಡೆ ಸಾಲಾಗಿ ನಿಲ್ಲಿಸಿದೆವು. ಒಂದೇ ಕಡೆ ಕೊಟ್ಟರೆ ಇನ್ನೊಂದು ಕೋಣೆಯ ಜಂತೆಗಳಿಗೆ ಆಸರೆಯೇ ಇರುವುದಿಲ್ಲ, ಅಲ್ವಾ? ಜಾಕಿಗಳ ತಲೆಯ ಮೇಲೆ ಉದ್ದಕ್ಕೆ ದಪ್ಪ ಮರದ ತೊಲೆ, ಎಲ್ಲಾ ಜಂತೆಗೂ ತಾಗುವ ಹಾಗೆ. ಜಾಕಿಯ ಕಾಲ ಕೆಳಗೂ ಅಷ್ಟೇ ಗಮನ ಬೇಕು. ನಮ್ಮ ರೆಡ್ ಆಕ್ಸೈಡ್ ನೆಲದ ಅಡಿ ಇರುವುದು ಬರೀ ತುಂಬಿಸಿದ ಮಣ್ಣು, ಹಾಗಾಗಿ ಅಗಲವಾದ ಹಲಗೆ ಹಾಕಿ ಭಾರ ಹರಡಿದೆವು. ಜಾಕಿಯನ್ನು ಜಂತೆಗೆ ಬಿಗಿಯಾಗಿ ತಾಗುವಷ್ಟು ಮಾತ್ರ ತಿರುಗಿಸಬೇಕು, ತಾರಸಿಯನ್ನೇ ಎತ್ತಲು ಹೋದರೆ ಸುಣ್ಣದ ಗಾರೆ ಬಿರುಕು ಬಿಡುತ್ತದೆ.

ಗಿಲಾವು ಬಿಡಿಸಿದಾಗ ಒಂದು ಜಂತೆಯ ತುದಿ ಸ್ಕ್ರೂಡ್ರೈವರ್ ಚುಚ್ಚಿದರೆ ಪುಡಿಪುಡಿಯಾಗಿ ಉದುರಿತು. ಗೆದ್ದಲು. ಹೊರಗಿನಿಂದ ಪೇಂಟ್ ಹೊಳೆಯುತ್ತಿತ್ತು, ಒಳಗೆ ಮರವೇ ಇಲ್ಲ. ಗಟ್ಟಿ ಮರ ಸಿಗುವ ತನಕ ಹಿಂದೆ ಹೋಗಿ, ಎರಡೂ ಪಕ್ಕಕ್ಕೆ ಕಬ್ಬಿಣದ ಚಾನೆಲ್ ಇಟ್ಟು ಬೋಲ್ಟ್ ಹಾಕಿಸಿದೆವು. ಗೋಡೆಯೊಳಗೆ ಹೂತ ತುದಿಯನ್ನು ಬಿಚ್ಚಿ ನೋಡದೆ ಹಳೇ ಜಂತೆಯನ್ನು ನಂಬಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗೋಡೆಯನ್ನು ಮೇಲಿನಿಂದ ಕೆಳಕ್ಕೆ, ಕೈ ಉಳಿಯಲ್ಲೇ, ಒಂದೊಂದು ವರಸೆ ಬಿಡಿಸಿದರು. ಕರೆಂಟಿನ ಬ್ರೇಕರ್ ಮೆಷಿನ್ ಬೇಡ ಅಂತ ಮೇಡಂ ಮೊದಲೇ ಹೇಳಿದ್ದರು, ಅದರ ನಡುಕಕ್ಕೆ ಹಳೇ ಸುಣ್ಣದ ಕಟ್ಟಡ ಸಡಿಲವಾಗುತ್ತದೆ. ಎರಡೂ ತುದಿಯಲ್ಲಿ ಎರಡಡಿ ಗೋಡೆ ಉಳಿಸಿ, ಅದರ ಮೇಲೆ ತೊಲೆಯ ತುದಿ ಕೂರಲು ಕಾಂಕ್ರೀಟ್ ದಿಮ್ಮಿ (ಬೆಡ್ ಬ್ಲಾಕ್) ಹಾಕಿ, 200 ಮಿ.ಮೀ. ಎತ್ತರದ ಎರಡು ಐ ಸೆಕ್ಷನ್‌ಗಳನ್ನು, ಅಂದರೆ ಇಂಗ್ಲಿಷ್ I ಆಕಾರದ ಕಬ್ಬಿಣದ ತೊಲೆಗಳನ್ನು, ಜೋಡಿಸಿ ಕೂರಿಸಿದೆವು. ಒಂದೇ ತಡೆಯುತ್ತಿತ್ತಂತೆ, ಆದರೆ ಒಂಬತ್ತಿಂಚಿನ ಅಗಲ ಮುಚ್ಚಲು ಎರಡು ಬೇಕು. ತೊಲೆಗೂ ಜಂತೆಗೂ ನಡುವಿನ ಸಂದಿಗೆ ಕಲ್ಲು ಚೂರು ತುರುಕಲು ಬಿಡಬೇಡಿ, ಒಣಗಿದಾಗ ಕುಗ್ಗದ ಸಿಮೆಂಟ್ ಗಾರೆ (ಗ್ರೌಟ್) ಒತ್ತಿ ತುಂಬಿಸಿ.

ಕೆಲಸದವರ ಸುರಕ್ಷತೆಯ ವಿಚಾರದಲ್ಲಿ ನಾನು ರಾಜಿ ಆಗಲಿಲ್ಲ. ಮರದ ಪಟ್ಟಿಯೊಳಗಿನ ಹಳೇ ವೈರಿಂಗನ್ನು ಪೂರ್ತಿ ಕಡಿಸಿ, ಮೀಟರ್ ಬೋರ್ಡಿನಿಂದ ತಾತ್ಕಾಲಿಕ ಲೈನ್ ಎಳೆಸಿ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್ ಸ್ವಿಚ್ (ಆರ್‌ಸಿಸಿಬಿ) ಹಾಕಿಸಿದೆವು. ಹೆಲ್ಮೆಟ್, ಶೂ, ಎನ್95 ಮಾಸ್ಕ್ ಎಲ್ಲರಿಗೂ, ಮಣ್ಣು ಹೊರುವ ಹೆಂಗಸರಿಗೂ. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಅದನ್ನು ಒಣ ಸ್ಯಾಂಡಿಂಗ್ ಮಾಡದೆ ಒದ್ದೆ ಮಾಡಿ ಕೆರೆಸಿದೆವು. ಹಿತ್ತಲಿನ ಆಸ್ಬೆಸ್ಟಾಸ್ ಶೀಟನ್ನೂ ನೀರು ಹಾಕಿ ಒಡೆಯದೆ ಇಡಿಯಾಗಿ ಇಳಿಸಿದರು.

ಪೈಪಿಗೆ ಗೋಡೆ ಕೊರೆಯುವಾಗ ಅಡ್ಡ ಕೊರೆತದ ಆಳ ಗೋಡೆ ದಪ್ಪದ ಆರನೇ ಒಂದು ಭಾಗ ದಾಟಬಾರದು, ಅಂದರೆ ಒಂಬತ್ತಿಂಚಿಗೆ ಒಂದೂವರೆ ಇಂಚು. ಮೇಲೆ-ಕೆಳಗಿನ ಕೊರೆತಕ್ಕಿಂತ ಅಡ್ಡ ಕೊರೆತವೇ ಜಾಸ್ತಿ ಅಪಾಯ. ಪಿಲ್ಲರ್ ಇರುವ ಅಪಾರ್ಟ್‌ಮೆಂಟ್‌ನವರಿಗೆ ಲೆಕ್ಕ ಬೇರೆ, ಆದರೂ ಒಂದು ಮಾತು. ಹೊರಚಾಚಿದ ಬಾಲ್ಕನಿಯ ಮುಖ್ಯ ಕಂಬಿ ಸ್ಲ್ಯಾಬಿನ ಮೇಲ್ಭಾಗದಲ್ಲಿರುತ್ತದೆ. ಟೈಲ್ಸ್ ಬದಲಿಸಲು ಮೇಲಿಂದ ಕಾಂಕ್ರೀಟ್ ಕೆತ್ತಿಸಬೇಡಿ.

ಈಗ ಗ್ರೌಟ್ ಗಟ್ಟಿಯಾಗಲು ಕಾಯುತ್ತಿದ್ದೇವೆ. ಪಕ್ಕದ ಗೋಡೆಯ ಹಳೇ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದಿದ್ದೇವೆ, ಗೋಡೆ ಸರಿದರೆ ಗಾಜು ಒಡೆಯುತ್ತದೆ. ಮೇಡಂ ಬಂದು ನೋಡಿದ ಮೇಲೆ ಜಾಕಿಗಳನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುವುದು. ನಂತರ ಬಚ್ಚಲುಮನೆ ಕಡೆಯ ಜಂತೆ ತುದಿಗಳನ್ನು ಬಿಚ್ಚಬೇಕು, ಅಲ್ಲಿ ತೇವ ಜಾಸ್ತಿ. ಅದು ಮುಗಿಯುವ ತನಕ ಅಡುಗೆ ಕಟ್ಟೆ ಕೆಲಸ ಶುರು ಮಾಡುವುದಿಲ್ಲ.