ಕಣ್ಣಿಗೆ ಕನ್ನಡ, ಕಿವಿಗೆ ಕಲಸುಮೇಲೋಗರ

‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಲ್ಲಿ ಮಾಡಿದ ಸುತ್ತೋಲೆ ನೋಡೋಕೆ ಅಚ್ಚುಕಟ್ಟು. ಅದನ್ನೇ ಅಂಧರು ಬಳಸುವ, ಪರದೆ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶಕ್ಕೆ ಕೊಡಿ, ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಬಡಬಡಿಸುತ್ತೆ. ಫೈಲಿನೊಳಗೆ ನಿಜಕ್ಕೂ ಇರೋದು ಅವೇ. ಫಾಂಟು ಮೇಲೆ ಕನ್ನಡದ ವೇಷ ಹಾಕಿದೆ ಅಷ್ಟೇ.

ಗೊತ್ತುಮಾಡಿಕೊಳ್ಳೋದು ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಅಂಟಿಸಿ. ಗೋಜಲು ಬಂತಾ? ಫೈಲಿನೊಳಗೂ ಕನ್ನಡವನ್ನೇ ಇಡುವ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ. ಎಡವೋದು ಹೆಚ್ಚಾಗಿ ಅಲ್ಲೇ. ಆಮೇಲೆ ವರ್ಡ್‌ನಲ್ಲಿ ತಲೆಬರಹಕ್ಕೆ ಬರೀ ದಪ್ಪಕ್ಷರ ಸಾಲದು, ಹೆಡಿಂಗ್ ಸ್ಟೈಲ್ ಕೊಡಿ; ಇದು ತಲೆಬರಹ ಅಂತ ಎನ್‌ವಿಡಿಎಗೆ ತಿಳಿಸುವ ಗುರುತು ಅದೇ. ಪಿಡಿಎಫ್ ಮಾಡುವಾಗ ಪ್ರಿಂಟ್ ಒತ್ತಬೇಡಿ, ಆ ಗುರುತುಗಳೆಲ್ಲ ಕಳಚಿಹೋಗುತ್ತವೆ. ‘ಸೇವ್ ಆ್ಯಸ್’ನಿಂದ ಮಾಡಿ.

ಸಹಿ, ಸೀಲು ಬೇಕು ಅಂತ ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡ್ತಾರಲ್ಲ, ಅಲ್ಲಿಗೆ ಪಟ್ಟ ಶ್ರಮವೆಲ್ಲ ಬರೀ ಫೋಟೋ, ಓದಿ ಹೇಳೋಕೆ ಅದರೊಳಗೆ ಅಕ್ಷರವೇ ಇರಲ್ಲ.