ಅಕ್ಕ ತಿಂದ ಕಡಲೆಕಾಯಿ

ಅಕ್ಕನ ಮನೆಯ ಊಟದ ಮೇಜಿನ ಮೇಲೆ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ತಿರುವಿ ಹಾಸಿದ್ದೆವು. ಬಿಳಿಯ ಮಗ್ಗುಲಲ್ಲಿ ನನ್ನ ಕೈಬರಹದ ಏಳು ಹೆಸರುಗಳು. ಐದಕ್ಕೆ ಆಗಲೇ ಕಾಟು ಬಿದ್ದಿತ್ತು. ಉಳಿದ ಇಬ್ಬರಲ್ಲಿ ಒಬ್ಬ ಹಿಂದಿನ ಕಂತಿನಲ್ಲೇ ಶರಣಾಗಿದ್ದ. ಕೊನೆಯವನಾದ ಗೇಲ್ ಬರ್ಟ್ರಮ್‌ನ ಹೆಸರಿನ ಮೇಲೆ ಭಾವನ ಇಪ್ಪತ್ತು ಕಡಲೆಕಾಯಿಗಳು ಗುಡ್ಡೆಯಾಗಿ ಕುಳಿತಿದ್ದವು. ಭಾವ ಒಂದು ವಾರದಿಂದ ಗೆದ್ದವರ ಮುಖ ಹೊತ್ತು ಓಡಾಡುತ್ತಿದ್ದರು.

ಇದು 2013ರ ನವೆಂಬರ್ ಕೊನೆಯ ಮಾತು. ಅಮೆರಿಕದ 'ದಿ ಮೆಂಟಲಿಸ್ಟ್' ಧಾರಾವಾಹಿ 2008ರಲ್ಲಿ ಶುರುವಾದಾಗಿನಿಂದ ಎಳೆದುಕೊಂಡು ಬಂದಿದ್ದ ಪ್ರಶ್ನೆಗೆ ಅಂದು ಉತ್ತರ ಸಿಗುವುದಿತ್ತು: ರೆಡ್ ಜಾನ್ ಯಾರು? ಅಲ್ಲಿ ಭಾನುವಾರ ರಾತ್ರಿ ಪ್ರಸಾರವಾದ ಕಂತು ಬಸವನಗುಡಿಯ ಮೂರನೆಯ ಮಹಡಿಗೆ ಒಂದೆರಡು ದಿನದಲ್ಲಿ ಬಂದು ಸೇರುತ್ತಿತ್ತು. ಹೇಗೆ ಎಂದು ಮಾತ್ರ ಕೇಳಬೇಡಿ.

ನೋಡದವರಿಗೆ ಎರಡು ಮಾತು. ಪ್ಯಾಟ್ರಿಕ್ ಜೇನ್ ಒಂದು ಕಾಲಕ್ಕೆ ಅತೀಂದ್ರಿಯ ಶಕ್ತಿ ಇದೆಯೆಂದು ಜನರನ್ನು ನಂಬಿಸಿ ದುಡ್ಡು ಮಾಡಿದವನು. ಟಿವಿಯಲ್ಲಿ ಕುಳಿತು ರೆಡ್ ಜಾನ್ ಎಂಬ ಸರಣಿ ಕೊಲೆಗಾರನನ್ನು ಹೀಯಾಳಿಸುತ್ತಾನೆ. ಮನೆಗೆ ಬಂದರೆ ಹೆಂಡತಿ, ಮಗಳು ಇಬ್ಬರೂ ಹೆಣವಾಗಿದ್ದಾರೆ, ಗೋಡೆಯ ಮೇಲೆ ರಕ್ತದಲ್ಲಿ ಬಿಡಿಸಿದ ನಗುಮುಖ. ಅಲ್ಲಿಂದ ಜೇನ್ ಪೊಲೀಸರ ಜೊತೆ ಸೇರಿ ಹುಡುಕಾಟಕ್ಕೆ ಇಳಿಯುತ್ತಾನೆ. ಅವನು ಸೇರುವ ತನಿಖಾ ದಳ ಕ್ಯಾಲಿಫೋರ್ನಿಯಾದ್ದು, ಅದರ ಹೆಸರೂ ಸಿಬಿಐ. ಮೊದಲ ದಿನವೇ ಅಕ್ಕ, "ಸಿಬಿಐಗೆ ಹೋಯಿತು ಎಂದರೆ ಬಿಡು, ಹತ್ತು ವರ್ಷ ಬೇಕು" ಎಂದಿದ್ದಳು. ಹತ್ತು ವರ್ಷ ಹಿಡಿಯಲಿಲ್ಲ, ಐದಾಯಿತು.

ಮೂರನೆಯ ಸೀಸನ್ ಕೊನೆಯಲ್ಲಿ ಜೇನ್ ಮಾಲ್ ಒಂದರಲ್ಲಿ ಒಬ್ಬನನ್ನು ರೆಡ್ ಜಾನ್ ಎಂದೇ ನಂಬಿ ಗುಂಡಿಟ್ಟು ಕೊಂದ. ಮುಗಿಯಿತಲ್ಲ ಎಂದು ನಾನು ನಾಲ್ಕು ತಿಂಗಳು ನೆಮ್ಮದಿಯಾಗಿದ್ದೆ. ಮುಂದಿನ ಸೀಸನ್ ಆರಂಭದಲ್ಲೇ ಗೊತ್ತಾಯಿತು, ಸತ್ತವನು ಅವನಲ್ಲ. ಅದಾದ ಮೇಲೆ ಸತ್ತವರಲ್ಲಿ ಯಾರನ್ನೂ ನಾವು ಪೂರ್ತಿ ನಂಬಬಾರದಿತ್ತು. ಆದರೂ ನಂಬಿದೆವು, ಅದೇ ಈ ಕತೆ.

ಜೇನ್ ಮತ್ತು ರೆಡ್ ಜಾನ್ ಒಮ್ಮೆ ಕೈಕುಲುಕಿದ್ದಾರೆ ಎಂಬುದು ದೊಡ್ಡ ಸುಳಿವು. (ನಮಸ್ಕಾರ ಮಾಡುವ ಊರಿನಲ್ಲಿ ಇಂಥ ಕೊಲೆಗಾರನನ್ನು ಹಿಡಿಯುವುದು ಕಷ್ಟ.) ಹಾಗೆ ಕೈಕುಲುಕಿದವರನ್ನೆಲ್ಲ ಸೋಸಿ ಸೋಸಿ ಐದನೆಯ ಸೀಸನ್ ಮುಗಿಯುವಾಗ ಏಳು ಜನ ಉಳಿದರು. ಆರನೆಯದು ಶುರುವಾದ ವಾರ ನಮ್ಮ ಮನೆಯಲ್ಲಿ ಪಣ ಕಟ್ಟಿದೆವು. ತಲೆಗೆ ಇಪ್ಪತ್ತು ಕಡಲೆಕಾಯಿ, ಗೆದ್ದವರಿಗೆ ಉಳಿದಿಬ್ಬರಿಂದ ಮಸಾಲೆ ದೋಸೆ.

ನಾನು ಇಟ್ಟದ್ದು ಬ್ರೆಟ್ ಪಾರ್ಟ್ರಿಜ್ ಮೇಲೆ. ವಿಧಿವಿಜ್ಞಾನದವನು, ಮೊದಲ ಕಂತಿನಿಂದಲೂ ಹೆಣಗಳ ಪಕ್ಕದಲ್ಲಿ ಸುಳಿದಾಡಿದವನು. ಮೊದಲ ವಾರವೇ ಸತ್ತ. ಕಾಯಿಗಳನ್ನು ಬ್ರೆಟ್ ಸ್ಟೈಲ್ಸ್ ಎಂಬ ಪಂಥದ ಗುರುವಿನ ಮೇಲೆ ಸರಿಸಿದೆ. ಆ ಪಾತ್ರಕ್ಕೆ ಮಾಲ್ಕಮ್ ಮೆಕ್‌ಡೊವೆಲ್‌ನಂಥ ನಟನನ್ನು ಸುಮ್ಮನೆ ಕರೆಸುತ್ತಾರೆಯೇ ಎಂಬುದು ನನ್ನ ಲೆಕ್ಕ. ಇಂಥ ಲೆಕ್ಕದಲ್ಲಿ ಕೊಲೆಗಾರನ ಬಗ್ಗೆ ಒಂದು ಮಾತೂ ಇಲ್ಲ, ಎಲ್ಲವೂ ನಿರ್ಮಾಪಕನ ಜೇಬಿನ ಬಗ್ಗೆ ಎಂಬುದು ಆಗ ಹೊಳೆಯಲಿಲ್ಲ.

ಭಾವನದು ವೃತ್ತಿಯ ಬುದ್ಧಿ. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. "ವರ್ಷಗಟ್ಟಲೆ ರಜೆ ಹಾಕದ ಕ್ಯಾಷಿಯರ್ ಇದ್ದರೆ ಮೊದಲು ಅವನ ಪುಸ್ತಕ ತೆಗೆಸಬೇಕು. ಅವನು ಒಂದು ದಿನ ಬರದಿದ್ದರೆ ಲೆಕ್ಕ ಹೊರಬೀಳುತ್ತದೆ, ಅದಕ್ಕೇ ರಜೆ ಹಾಕುವುದಿಲ್ಲ" ಎನ್ನುತ್ತಿದ್ದರು. ಬರ್ಟ್ರಮ್ ಆ ಸಿಬಿಐಗೇ ನಿರ್ದೇಶಕ, ಕುರ್ಚಿ ಬಿಟ್ಟು ಏಳದವನು.

ಅಕ್ಕ ಹೆಸರುಗಳ ಮೇಲೆ ಬೆರಳಾಡಿಸಿ ಥಾಮಸ್ ಮೆಕ್‌ಆಲಿಸ್ಟರ್ ಎಂಬಲ್ಲಿ ನಿಲ್ಲಿಸಿದಳು. ನಾಪಾ ಎಂಬ ಜಿಲ್ಲೆಯ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ. 2008ರ ಎರಡನೆಯ ಕಂತಿನಲ್ಲಿ ಒಮ್ಮೆ ಬಂದು ಹೋದವನು. "ಒಂದು ದಿನ ಬಂದವನನ್ನು ಐದು ವರ್ಷ ಬಿಟ್ಟು ಯಾಕೆ ನೆನಪಿಸಿಕೊಳ್ಳಬೇಕು?" ಎಂದಳು. ನಾವಿಬ್ಬರೂ ನಕ್ಕೆವು. ಕೆಲವು ವಾರಗಳಲ್ಲಿ ಅವನು ಮತ್ತೆ ಬಂದ, ಪಟಪಟನೆ ಎದ್ದ ಪಾರಿವಾಳಗಳಿಗೆ ಬೆಚ್ಚಿಬಿದ್ದ. "ನೋಡು, ಥೇಟು ನಿಮ್ಮ ಭಾವ" ಎಂದಳು ಅಕ್ಕ. ಪಾರಿವಾಳದ ಕಾಟಕ್ಕೆ ಬಾಲ್ಕನಿಗೆ ಬಲೆ ಹಾಕಿಸಿ, ಬಲೆಯೊಳಗೆ ಒಂದು ಸಿಕ್ಕಿಕೊಂಡಾಗ ಪೊರಕೆ ಹಿಡಿದು ಬಾಗಿಲ ಹಿಂದೆ ನಿಂತವರು ನಮ್ಮ ಭಾವ. ಅದನ್ನು ತಮಾಷೆ ಎಂದುಕೊಂಡೆವೇ ಹೊರತು ಸುಳಿವು ಎಂದುಕೊಳ್ಳಲಿಲ್ಲ.

ಅಷ್ಟರಲ್ಲಿ ಪಟ್ಟಿಯ ಇನ್ನೊಬ್ಬನೂ ಸತ್ತಿದ್ದ. ಆಮೇಲೆ ಜೇನ್ ಉಳಿದ ಐವರನ್ನು ತನ್ನ ಮನೆಗೆ ಕರೆಸಿದ. ಮನೆ ಸ್ಫೋಟವಾಯಿತು. ಸ್ಟೈಲ್ಸ್, ಹ್ಯಾಫ್ನರ್, ಮೆಕ್‌ಆಲಿಸ್ಟರ್ ಸತ್ತರು ಎಂದರು. ನಾನು ಕಾಟು ಹಾಕಿದೆ. ಅಕ್ಕ ನಿಟ್ಟುಸಿರು ಬಿಟ್ಟು, ಮೆಕ್‌ಆಲಿಸ್ಟರ್ ಮೇಲಿದ್ದ ಇಪ್ಪತ್ತು ಕಡಲೆಕಾಯಿಗಳನ್ನೂ ಕೂತಲ್ಲೇ ಸುಲಿದು ತಿಂದಳು. ಸಿಪ್ಪೆಯನ್ನು ಮಾತ್ರ ಹೆಸರಿನ ಮೇಲೇ ಬಿಟ್ಟಳು.

ಈಗ ಅಂದಿನ ರಾತ್ರಿ. ಚರ್ಚಿನಲ್ಲಿ ಜೇನ್ ಎದುರಿಗೆ ಬರ್ಟ್ರಮ್. ಭಾವ ಮುಂದಕ್ಕೆ ಬಾಗಿ ಕುಳಿತರು. ರೆಡ್ ಜಾನ್ ನಾನಲ್ಲ ಎಂದ ಬರ್ಟ್ರಮ್. "ಎಲ್ಲರೂ ಹಾಗೇ ಹೇಳುವುದು" ಎಂದರು ಭಾವ. ಮರುಗಳಿಗೆ ಬರ್ಟ್ರಮ್‌ಗೆ ಗುಂಡು ಬಿತ್ತು. ಸತ್ತಿದ್ದ ಶೆರಿಫ್, ಪಕ್ಕದ ಮನೆಗೆ ಹೆಪ್ಪು ಕೇಳಲು ಬಂದವನಷ್ಟು ನಿರಾಳವಾಗಿ ಒಳಗೆ ನಡೆದು ಬಂದ.

ಅಕ್ಕ ಕಿರುಚಿದ ರಭಸಕ್ಕೆ ಕೆಳಗಿನ ಮನೆಯವರು ಫೋನ್ ಮಾಡಿದರು. ಅಷ್ಟರಲ್ಲಿ ಜೇನ್ ಕೋಟಿನೊಳಗಿಂದ ಒಂದು ಪಾರಿವಾಳವನ್ನು ಹಾರಿಬಿಟ್ಟ. ಶೆರಿಫ್ ಬೆಚ್ಚಿದ. ಕುರ್ಚಿಯಲ್ಲಿದ್ದ ಭಾವನೂ ಬೆಚ್ಚಿದರು, ನಾನು ಕಣ್ಣಾರೆ ನೋಡಿದ್ದೇನೆ.

ಕೊನೆಗೆ ಜೇನ್ ಅವನನ್ನು ಬರಿಗೈಯಲ್ಲಿ ಕತ್ತು ಹಿಸುಕುತ್ತಾನೆ. ಮಾತು ಹೊರಡದವನಿಗೆ ಕಣ್ಣು ಮಿಟುಕಿಸಿ ಉತ್ತರ ಕೊಡು ಎನ್ನುತ್ತಾನೆ. ಆ ದೃಶ್ಯ ಚೆನ್ನಾಗಿತ್ತು. ಆದರೆ ಐದು ವರ್ಷ ಎಲ್ಲೆಲ್ಲೂ ಕೈಯಿದ್ದ ರಾಕ್ಷಸ ಹೊಲದ ಬದುವಿನಲ್ಲಿ ಸಿಗುವ ಮಾವನಂಥ ಮನುಷ್ಯನೇ ಎಂದು ನನಗೆ ಇವತ್ತಿಗೂ ಕಿರಿಕಿರಿ. ಎರಡನೆಯ ಕಂತಿನಲ್ಲೇ ತೋರಿಸಿದ್ದೇವಲ್ಲ ಎಂದು ಬರೆದವರು ಹೇಳಬಹುದು. ತೋರಿಸಿ ಐದು ವರ್ಷ ಅಟ್ಟಕ್ಕೆ ಹಾಕಿದರೆ ಅದು ತೋರಿಸಿದ್ದೋ ಬಚ್ಚಿಟ್ಟದ್ದೋ? ಕತೆ ಬೆಳೆಯುತ್ತಾ ಹೋದಂತೆ ಅಟ್ಟ ಹತ್ತಿ ಕೈಗೆ ಸಿಕ್ಕವನನ್ನು ಇಳಿಸಿಕೊಂಡರು ಎಂಬುದೇ ನನ್ನ ಗುಮಾನಿ.

ಅಕ್ಕನಿಗೆ ಅದೆಲ್ಲ ಬೇಕಿರಲಿಲ್ಲ. "ರೀ, ದೋಸೆಗೆ ಯಾವಾಗ ಹೊರಡುವುದು?" ಎಂದಳು.

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೀನು ಠೇವಣಿ ವಾಪಸ್ ಪಡೆದಿದ್ದೀಯ. ಮುರಿದ ಠೇವಣಿಗೆ ಬಡ್ಡಿ ಇಲ್ಲ."

"ಸಿಪ್ಪೆ ಅಲ್ಲೇ ಇದೆಯಲ್ಲ!"

ಇತ್ತು. ಎರಡು ವಾರದಿಂದ ಯಾರೂ ಗುಡಿಸಿರಲಿಲ್ಲ. ಭಾವ ಬಗ್ಗಿ ಅದನ್ನು ಎಣಿಸತೊಡಗಿದರು.