ರೆಕ್ಕೆಯ ದಣಿವು ಪರೀಕ್ಷೆ: ಒಂಬತ್ತನೇ ಪಟ್ಟಿ ಮುರಿಯಿತು

ಲೋಹ ಮತ್ತೆ ಮತ್ತೆ ಬಾಗಿ ಬಿರುಕು ಬಿಡುವುದಕ್ಕೆ ದಣಿವು ಎನ್ನುತ್ತಾರೆ; ವಿಮಾನದ ರೆಕ್ಕೆಗೆ ಆಗುವ ಆ ದಣಿವನ್ನು ಅಲ್ಯುಮಿನಿಯಂ ಪಟ್ಟಿಗಳಲ್ಲಿ ಪರೀಕ್ಷಿಸುತ್ತಿದ್ದೇನೆ. ನಿನ್ನೆ ರಾತ್ರಿ ಒಂಬತ್ತನೇ ಪಟ್ಟಿ ಮುರಿಯಿತು. ಎಷ್ಟು ಸಲ ಬಾಗಿತೆಂದು ಎಣಿಸುವ ಕೌಂಟರಿನಲ್ಲಿ 1,86,400. ಹಿಂದಿನ ಸುತ್ತಿನ ಮೂರು ಪಟ್ಟಿಗಳು 40 ಸಾವಿರದ ಆಸುಪಾಸಿನಲ್ಲೇ ಕೈಕೊಟ್ಟಿದ್ದವು. ಅಲ್ಯುಮಿನಿಯಂ ಅದೇ, ಅಗಲ, ದಪ್ಪ ಅದೇ, ನಡುವಿನ 3 ಮಿ.ಮೀ. ತೂತೂ ಅದೇ. ತುದಿ ಬಾಗುವ ದೂರವನ್ನು ಮಾತ್ರ 12 ಮಿ.ಮೀ.ನಿಂದ 9ಕ್ಕೆ ಇಳಿಸಿದ್ದೆ. ಬಾಗು ಕಾಲುಭಾಗ ತಗ್ಗಿತು, ಆಯುಷ್ಯ ನಾಲ್ಕು ಪಟ್ಟು ದಾಟಿತು. ಗ್ರಾಫಿನಲ್ಲಿ ಎಷ್ಟೋ ಸಲ ನೋಡಿದ್ದ ಸಂಗತಿಯೇ; ಕಣ್ಣೆದುರು ಎಣಿಸಿದಾಗ ಮೈ ಜುಮ್ಮೆಂದಿತು.

ಯಂತ್ರದಲ್ಲಿ ಹೆಚ್ಚೇನಿಲ್ಲ. ಪಟ್ಟಿಯ ಒಂದು ತುದಿ ಕ್ಲಾಂಪಿನಲ್ಲಿ. ಇನ್ನೊಂದನ್ನು ನಿಮಿಷಕ್ಕೆ 200 ಸುತ್ತಿನ ಮೋಟರು ಮೇಲೆ ಕೆಳಗೆ ಆಡಿಸುತ್ತದೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗಿ ಅಡಿಯ ತಗಡು ಎಳೆತಕ್ಕೆ ಸಿಗುತ್ತದೆ, ನೆಲಕ್ಕಿಳಿದಾಗ ಇಂಧನದ ಭಾರಕ್ಕೆ ರೆಕ್ಕೆ ಜೋತುಬಿದ್ದು ಅದೇ ತಗಡು ಒತ್ತಡಕ್ಕೆ ಸಿಗುತ್ತದೆ. ಆ ಆಟವನ್ನೇ ಇಲ್ಲಿ ಬೇಗ ಬೇಗ ಆಡಿಸುತ್ತಿದ್ದೇನೆ.

ಈ ಕೆಲಸಕ್ಕೆ ಕೈ ಹಾಕಿದ್ದೇ ಸಿ-5ಎ ಗ್ಯಾಲಕ್ಸಿಯಿಂದಾಗಿ. 1968ರಲ್ಲಿ ಮೊದಲು ಹಾರಿದ ಆ ದೈತ್ಯ ಸರಕು ವಿಮಾನದ ರೆಕ್ಕೆ 30,000 ಗಂಟೆ ಬಾಳಬೇಕಿತ್ತು. ತೂಕ ಇಳಿಸುವ ಒತ್ತಡದಲ್ಲಿ ರೆಕ್ಕೆಯ ಲೋಹವನ್ನೂ ಕಡಿಮೆ ಮಾಡಿದರು. 1969ರ ಜುಲೈನಲ್ಲಿ ನೆಲದ ಮೇಲಿನ ಪರೀಕ್ಷೆಯಲ್ಲಿ ಅದು ಹಾರಾಟದಲ್ಲಿ ಬರಬಹುದಾದ ಗರಿಷ್ಠ ಹೊರೆಯ ಶೇಕಡಾ 128ಕ್ಕೇ ಸೋತಿತು, ತಡೆಯಬೇಕಿದ್ದದ್ದು ಶೇಕಡಾ 150. ಬಿರುಕುಗಳು ಕಾಣಿಸಿಕೊಂಡ ಮೇಲೆ ಆಯುಷ್ಯದ ಅಂದಾಜು ಸುಮಾರು 8,000 ಗಂಟೆಗೆ ಕುಸಿಯಿತು. ಆಗ ಮಾಡಿದ ಒಂದು ಉಪಾಯ ನನಗೆ ತುಂಬ ಇಷ್ಟ: ಎರಡೂ ಕಡೆಯ ಏಲರಾನ್‌ಗಳನ್ನು (ರೆಕ್ಕೆಯ ಹಿಂಅಂಚಿನಲ್ಲಿ ಮೇಲೆ ಕೆಳಗೆ ಆಡುವ ಫಲಕಗಳು) ಒಟ್ಟಿಗೆ ಸ್ವಲ್ಪ ಮೇಲೆತ್ತಿ, ರೆಕ್ಕೆಯ ಹೊರತುದಿಯ ಎತ್ತುಬಲ ತಗ್ಗಿಸಿ, ಬುಡದ ಬಾಗನ್ನು ಕಡಿಮೆ ಮಾಡಿದರು. ನನ್ನ 12ರಿಂದ 9 ಕೂಡ ಅದೇ ಲೆಕ್ಕ. ಆದರೂ ಕೊನೆಗೆ 1980ರ ದಶಕದಲ್ಲಿ 77 ವಿಮಾನಗಳಿಗೆ ಹೊಸ ರೆಕ್ಕೆಗಳನ್ನೇ ಹಾಕಬೇಕಾಯಿತು.

ಮೊದಲ ಪಟ್ಟಿಯ ಕಥೆಯನ್ನೂ ಬರೆದಿಡುತ್ತೇನೆ. ಬಿರುಕು ತೂತಿನಲ್ಲಿ ಹುಟ್ಟುತ್ತದೆಂದು ಭೂತಗನ್ನಡಿ ಹಿಡಿದು ಅಲ್ಲೇ ಕಾಯುತ್ತಿದ್ದೆ. ಪಟ್ಟಿ ಮುರಿದದ್ದು ಕ್ಲಾಂಪಿನ ಚೂಪು ಅಂಚಿನಡಿ, ಕಣ್ಣಿಗೆ ಬೀಳದ ಜಾಗದಲ್ಲಿ. ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದ ಮೇಲೆ ಸರಿಹೋಯಿತು. ಆ ಮುರಿದ ತುಂಡು ಕೈಯಲ್ಲಿದ್ದಾಗ ನೆನಪಾದದ್ದು 2002ರ ಜೂನ್ 17. ಕ್ಯಾಲಿಫೋರ್ನಿಯಾದ ವಾಕರ್ ಬಳಿ ಕಾಡ್ಗಿಚ್ಚಿನ ಮೇಲೆ ಬೆಂಕಿ ತಡೆಯುವ ದ್ರಾವಣ ಸುರಿಯುತ್ತಿದ್ದ ಹಳೆಯ ಸಿ-130ಎ ವಿಮಾನದ ರೆಕ್ಕೆಗಳು ಆಕಾಶದಲ್ಲೇ ಕಳಚಿ ಮೂವರು ಸತ್ತರು. ಬಲಕ್ಕೆಂದು ಮೇಲೆ ಕೂರಿಸಿದ್ದ ತಗಡಿನ ಅಡಿಯ ರಿವೆಟ್ ತೂತುಗಳಲ್ಲಿ ಹುಟ್ಟಿದ ಬಿರುಕುಗಳು ಒಂದಕ್ಕೊಂದು ಕೂಡಿ ಸುಮಾರು 12 ಇಂಚು ಬೆಳೆದಿದ್ದವು. ಬಲಪಡಿಸಿದ ಜಾಗವೇ ಬಿರುಕನ್ನು ಮರೆಮಾಡಬಲ್ಲದು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ತೂತಿನ ಅಂಚಿನಲ್ಲಿ ಡ್ರಿಲ್ ಬಿಟ್ಟ ಸಿಬಿರನ್ನು ಎಮರಿ ಕಾಗದದಿಂದ ತೆಗೆದ ಪಟ್ಟಿಗಳು ಹೆಚ್ಚು ಬಾಳಿದವು. ಎರಡೇ ಪಟ್ಟಿಯ ಲೆಕ್ಕವಾದ್ದರಿಂದ ಅಂಕಿ ಬರೆಯುವುದಿಲ್ಲ, ಇನ್ನೂ ನಾಲ್ಕು ಆಗಲಿ.

ಈಗ ತೇಪೆಯ ಸರದಿ. ಸಿ-141 ವಿಮಾನಗಳ ರೆಕ್ಕೆಯೊಳಗೆ ಇಂಧನ ಹರಿಯಲೆಂದು ಕೊರೆದಿದ್ದ ಸಣ್ಣ ತೂತುಗಳಲ್ಲಿ ಬಿರುಕು ಬಿಟ್ಟಾಗ, ಬೋರಾನ್ ನಾರಿನ ತೇಪೆಗಳನ್ನು ಅಂಟಿಸಿ ಹಾರಿಸಿದ್ದರು. ನನ್ನ ಬಳಿಯಿರುವುದು ಕಾರ್ಬನ್ ಬಟ್ಟೆ ಮತ್ತು ಎಪಾಕ್ಸಿ ಅಂಟು. ಹತ್ತನೇ ಪಟ್ಟಿಯಲ್ಲಿ 2 ಮಿ.ಮೀ. ಬಿರುಕು ಬರುವವರೆಗೆ ಆಡಿಸಿ ನಿಲ್ಲಿಸಿದ್ದೇನೆ. ತೇಪೆ ಒಣಗುತ್ತಿದೆ, ನಾಳೆ ಬೆಳಿಗ್ಗೆ ಮೋಟರು ಹಾಕುತ್ತೇನೆ.